ಹಳೇ ಗ್ರಾಮಫೋನಿನ ಲೋಹ: ಏನು ಉಳಿಯುತ್ತದೆ, ಏನು ಬದಲಾಗಲೇಬೇಕು

ನೂರು ವರ್ಷ ಹಳೆಯ ಗ್ರಾಮಫೋನ್ ಕೈಗೆ ಸಿಕ್ಕರೆ ಬಹಳ ಜನ ಮೊದಲು ಪಾಲಿಶ್ ಡಬ್ಬಿಗೆ ಕೈ ಹಾಕುತ್ತಾರೆ. ಹಾರ್ನ್ ಉಜ್ಜುತ್ತಾರೆ, ಟೋನ್‌ಆರ್ಮ್ (ದನಿಯನ್ನು ಹಾರ್ನಿಗೆ ಒಯ್ಯುವ ಟೊಳ್ಳು ತೋಳು) ಉಜ್ಜುತ್ತಾರೆ, ಸಂದು ಕಂಡಲ್ಲೆಲ್ಲ ಎಣ್ಣೆ ಬಿಡುತ್ತಾರೆ. ಆಮೇಲೆ ಹ್ಯಾಂಡಲ್ ತಿರುಗಿಸಿ, ತಟ್ಟೆ ಯಾಕೆ ಸುತ್ತುತ್ತಿಲ್ಲ ಅಂತ ನೋಡುತ್ತಾರೆ. ಇದರಿಂದ ಹಾಳಾದ ಯಂತ್ರಗಳು ತುಂಬಾ ಇವೆ. ರಿಪೇರಿಗೆ ಕೂರುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ಈ ಭಾಗ ಯಾವ ಲೋಹದ್ದು?

ಯಾಕೆಂದರೆ ಒಂದೇ ಯಂತ್ರದಲ್ಲಿ ಐದಾರು ಬಗೆಯ ಲೋಹ ಇರುತ್ತದೆ. ಮೋಟಾರಿನ ಚೌಕಟ್ಟು ಬೀಡು ಕಬ್ಬಿಣ. ಒಳಗಿನ ಸ್ಪ್ರಿಂಗ್ ಗಟ್ಟಿ ಉಕ್ಕು. ಗೇರುಗಳಲ್ಲಿ ಕೆಲವು ಹಿತ್ತಾಳೆ, ಕೆಲವು ಉಕ್ಕು. ಹಾರ್ನ್ ಹಿತ್ತಾಳೆಯದ್ದೋ ಬಣ್ಣ ಹೊಡೆದ ಉಕ್ಕಿನ ತಗಡಿನದ್ದೋ ಇರುತ್ತದೆ. ಹೊರಗೆ ಕಾಣುವ ಭಾಗಗಳ ಮೇಲೆ ನಿಕ್ಕಲ್ ಲೇಪ, ದುಬಾರಿ ಮಾದರಿಗಳಲ್ಲಿ ಚಿನ್ನದ ಲೇಪ. ಇದೆಲ್ಲದರ ಜೊತೆಗೆ ಪಾಟ್ ಮೆಟಲ್ ಅನ್ನುವ ಬೂದು ಬಣ್ಣದ ಎರಕ. ಇವು ಪ್ರತಿಯೊಂದೂ ಮುಪ್ಪಾಗುವ ರೀತಿ ಬೇರೆ. ಒಂದಕ್ಕೆ ಔಷಧಿಯಾಗುವುದು ಇನ್ನೊಂದಕ್ಕೆ ವಿಷ. ತುಕ್ಕು ಹಿಡಿದ ಕಬ್ಬಿಣದ ಬೋಲ್ಟನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ. ಅದೇ ವಿನೆಗರ್‌ನಲ್ಲಿ ಪಾಟ್ ಮೆಟಲ್ ತುಂಡನ್ನು ಹಾಕಿದರೆ ಲೋಹವೇ ಕರಗಲು ಶುರುವಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಆಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣ ಅಥವಾ ಉಕ್ಕು. ನಿಕ್ಕಲ್ಲಿಗೂ ಆಯಸ್ಕಾಂತ ಅಂಟುತ್ತದೆ ಅನ್ನುವುದು ನೆನಪಿರಲಿ. ಹಾಗಾಗಿ ಬಲವಾದ ಆಯಸ್ಕಾಂತವಾದರೆ ನಿಕ್ಕಲ್ ಲೇಪದ ಹಿತ್ತಾಳೆಯಲ್ಲೂ ಸಣ್ಣ ಸೆಳೆತ ಕಾಣಬಹುದು. ಅಂಟದಿದ್ದರೆ, ಕಣ್ಣಿಗೆ ಬೀಳದ ಒಳಬದಿಯಲ್ಲಿ ಅರದ ತುದಿಯಿಂದ ಒಂದು ಪುಟ್ಟ ಗೀರು ಎಳೆಯಿರಿ. ಹಳದಿ ಕಂಡರೆ ಹಿತ್ತಾಳೆ. ಬೂದು ಬಿಳುಪು ಕಂಡರೆ, ಬಹುಮಟ್ಟಿಗೆ ಪಾಟ್ ಮೆಟಲ್. ಅಚ್ಚಿನ ಎರಡು ಹೋಳುಗಳು ಸೇರಿದ ಕಡೆ ಉಳಿದ ತೆಳು ಗೆರೆಯೂ ಅದರ ಗುರುತು.

ಪಾಟ್ ಮೆಟಲ್ ಯಾಕೆ ಉಬ್ಬುತ್ತದೆ

ಹಳೇ ಗ್ರಾಮಫೋನು ರಿಪೇರಿಯಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದು ಇದೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

1877ರಲ್ಲಿ ಥಾಮಸ್ ಎಡಿಸನ್ ತವರದ ಹಾಳೆ ಸುತ್ತಿದ ಸಿಲಿಂಡರಿನ ಮೇಲೆ ದನಿಯನ್ನು ಹಿಡಿದಿಟ್ಟರು. ಹತ್ತು ವರ್ಷ ಕಳೆದು ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ದಾರಿ ಹಿಡಿದರು. ಆ ಕಾಲದ ಮತ್ತು ಅದರ ನಂತರದ ಒಂದೆರಡು ದಶಕದ ಯಂತ್ರಗಳಲ್ಲಿ ಬಹುಪಾಲು ಕಬ್ಬಿಣ, ಉಕ್ಕು, ಹಿತ್ತಾಳೆಯೇ ಇತ್ತು. ಒಂದೊಂದು ಭಾಗವನ್ನೂ ಎರಕ ಹೊಯ್ದು, ಲೇತಿನಲ್ಲಿ ಕಡೆದು, ರಂಧ್ರ ಕೊರೆದು ಮಾಡಬೇಕಿತ್ತು. ಆಮೇಲೆ ಗ್ರಾಮಫೋನ್ ಮನೆಮನೆಯ ವಸ್ತುವಾಯಿತು. ಪೈಪೋಟಿ ಹೆಚ್ಚಿತು. ಅಗ್ಗವಾಗಿ, ಬೇಗ, ಸಾವಿರಗಟ್ಟಲೆ ಮಾಡುವ ದಾರಿ ಬೇಕಾಯಿತು. ಆಗ ಕೈಗೆ ಬಂದದ್ದು ಸತುವಿನ ಮಿಶ್ರಲೋಹ. ಪಾಟ್ ಮೆಟಲ್ ಅನ್ನುವುದು ಇದನ್ನೇ.

ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಿತ್ತಾಳೆಗೆ 900 ಡಿಗ್ರಿಯ ಆಸುಪಾಸು, ಬೀಡು ಕಬ್ಬಿಣಕ್ಕೆ 1200 ಡಿಗ್ರಿಯ ಹತ್ತಿರ ಬೇಕು. ಕರಗಿದ ಸತುವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿದರೆ, ಎಷ್ಟೇ ಸೂಕ್ಷ್ಮವಾದ ಆಕಾರವೂ ಒಂದೇ ಏಟಿಗೆ ಸಿದ್ಧ. ಕಡೆಯುವ ಕೆಲಸವೇ ಇಲ್ಲ ಅನ್ನುವಷ್ಟು ಕಡಿಮೆ. ಸೌಂಡ್‌ಬಾಕ್ಸಿನ (ಸೂಜಿಯ ನಡುಕವನ್ನು ದನಿಯಾಗಿಸುವ ಪುಟ್ಟ ಡಬ್ಬಿ) ಕವಚ, ಟೋನ್‌ಆರ್ಮ್, ಅದು ಕೂರುವ ಬ್ರಾಕೆಟ್ಟು ಎಲ್ಲವೂ ಇದರಲ್ಲೇ ಬರತೊಡಗಿದವು. ವಿಕ್ಟರ್ ಕಂಪನಿ 1925ರಲ್ಲಿ ತಂದ ಆರ್ಥೋಫೋನಿಕ್ ಯಂತ್ರಗಳಲ್ಲಿ ಮೊದಮೊದಲ ಸೌಂಡ್‌ಬಾಕ್ಸ್‌ಗಳು ಹಿತ್ತಾಳೆಯವು. ಆಮೇಲಿನವು ಪಾಟ್ ಮೆಟಲ್. ಹಿತ್ತಾಳೆಯವು ಇವತ್ತಿಗೂ ಗಟ್ಟಿಯಾಗಿವೆ. ಆಮೇಲಿನವುಗಳಲ್ಲಿ ಬಿರುಕು ಬಿಡದ್ದು ಸಿಕ್ಕರೆ ಅದೃಷ್ಟ.

ತಪ್ಪು ಸತುವಿನದ್ದಲ್ಲ, ಅದರಲ್ಲಿ ಸೇರಿಕೊಂಡ ಕಲ್ಮಶದ್ದು. ಸೀಸ, ತವರ, ಕ್ಯಾಡ್ಮಿಯಂ ಈ ಮೂರೂ ಗಟ್ಟಿಯಾದ ಸತುವಿನೊಳಗೆ ಸರಿಯಾಗಿ ಬೆರೆಯುವುದಿಲ್ಲ. ಕರಗಿದ ಲೋಹ ತಣಿದು ಸಣ್ಣ ಸಣ್ಣ ಹರಳುಗಳಾಗುವಾಗ ಈ ಕಲ್ಮಶವೆಲ್ಲ ಹರಳುಗಳ ಅಂಚಿಗೆ ತಳ್ಳಲ್ಪಟ್ಟು ಅಲ್ಲೇ ಕೂರುತ್ತದೆ. ಇಟ್ಟಿಗೆ ಗೋಡೆಯನ್ನು ನೆನೆಸಿಕೊಳ್ಳಿ. ಇಟ್ಟಿಗೆ ಚೆನ್ನಾಗಿದೆ, ನಡುವಿನ ಗಾರೆ ಕೆಟ್ಟಿದೆ. ಗಾಳಿಯ ತೇವ ಒಳಗೆ ಹೊಕ್ಕಾಗ ಈ ಅಂಚುಗಳಲ್ಲಿ ಪುಟ್ಟ ಪುಟ್ಟ ಬ್ಯಾಟರಿಗಳ ಹಾಗೆ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಸತು ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ತಾನು ಹುಟ್ಟಿದ ಲೋಹಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಗ ಕೇಳುತ್ತದೆ. ಜಾಗ ಇಲ್ಲದಾಗ ಹರಳುಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಹೊರಗಿನಿಂದ ನಮಗೆ ಕಾಣುವುದು ಇಷ್ಟೇ: ಭಾಗ ಉಬ್ಬಿದೆ, ಸೊಟ್ಟಗಾಗಿದೆ, ಮೈಮೇಲೆಲ್ಲ ನಕ್ಷೆಯ ಗೆರೆಗಳ ಹಾಗೆ ಬಿರುಕು, ಲೇಪ ಗುಳ್ಳೆ ಎದ್ದಿದೆ. ಕೊನೆಗೆ ಬೆರಳಲ್ಲಿ ಒತ್ತಿದರೂ ಪುಡಿ.

ಎಷ್ಟು ಕಲ್ಮಶ ಇದ್ದರೆ ಇಷ್ಟೆಲ್ಲ ಆಗುತ್ತದೆ ಅಂದರೆ ನಂಬುವುದು ಕಷ್ಟ. ಇವತ್ತಿನ ಒಳ್ಳೆಯ ಸತು ಎರಕದಲ್ಲಿ ಸೀಸಕ್ಕೆ ಬಿಟ್ಟಿರುವ ಮಿತಿ ಸುಮಾರು ಶೇಕಡಾ 0.005. ಅಂದರೆ ಲಕ್ಷ ಭಾಗದಲ್ಲಿ ಐದು. ಆ ಕಾಲದ ಸತುವೇ ಅಷ್ಟು ಶುದ್ಧವಾಗಿರಲಿಲ್ಲ. ಸಾಲದ್ದಕ್ಕೆ ಕಾರ್ಖಾನೆಗಳಲ್ಲಿ ಉಳಿದ ತುಂಡುಗಳನ್ನೂ ಗುಜರಿಯನ್ನೂ ಮತ್ತೆ ಕರಗಿಸುತ್ತಿದ್ದರು. ಬೆಸುಗೆ ಹಾಕಿದ ಒಂದು ತುಂಡು ಆ ಹಂಡೆಗೆ ಬಿದ್ದರೂ ಸಾಕು, ಅದರ ಸೀಸ, ತವರ ಇಡೀ ಪಾಕಕ್ಕೆ ಸೇರುತ್ತಿತ್ತು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಶೇಕಡಾ 99.99ರಷ್ಟು ಶುದ್ಧ ಸತು ಬಳಸಿ ಜಮಕ್ ಅನ್ನುವ ಮಿಶ್ರಲೋಹಗಳನ್ನು ತಂದಿತು. ಆಮೇಲೆ ಈ ಕಾಯಿಲೆ ಹತೋಟಿಗೆ ಬಂತು. ಆದರೆ ಆ ಹೊತ್ತಿಗೆ ಗ್ರಾಮಫೋನಿನ ಒಳ್ಳೆಯ ಕಾಲ ಮುಗಿಯುತ್ತಾ ಬಂದಿತ್ತು. ಎಡಿಸನ್ ಅದೇ 1929ರಲ್ಲಿ ಫೋನೋಗ್ರಾಫ್ ತಯಾರಿಯನ್ನೇ ನಿಲ್ಲಿಸಿದರು.

ಇಲ್ಲಿ ಎರಡು ವಿಷಯ ಸ್ಪಷ್ಟವಾಗಲಿ. ಈ ಕಾಯಿಲೆ ಒಂದು ಭಾಗದಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಪಕ್ಕದಲ್ಲಿಟ್ಟ ಒಳ್ಳೆಯ ತುಂಡಿಗೆ ಏನೂ ಆಗುವುದಿಲ್ಲ. ಹಾಗೇ, ಒಮ್ಮೆ ಶುರುವಾದದ್ದನ್ನು ಹಿಂದಕ್ಕೆ ತರಲು ಯಾವ ಎಣ್ಣೆಯಿಂದಲೂ ಯಾವ ಲೇಪದಿಂದಲೂ ಆಗುವುದಿಲ್ಲ. ಕಲ್ಮಶ ಲೋಹದ ಒಳಗೇ ಇದೆ. ಒಣಗಿದ, ತಂಪಾದ ಜಾಗದಲ್ಲಿಟ್ಟರೆ ವೇಗ ಕಡಿಮೆಯಾಗುತ್ತದೆ, ಅಷ್ಟೆ. ಶಾಖ ಮತ್ತು ತೇವ ಎರಡೂ ಸೇರಿದರೆ ಬೇಗ ಹಾಳಾಗುತ್ತದೆ.

ಉಬ್ಬಿ ಸಿಕ್ಕಿಕೊಂಡ ಭಾಗವನ್ನು ಬಿಡಿಸುವುದು

ಪಾಟ್ ಮೆಟಲ್ ಭಾಗ ಮುರಿಯುವುದು ಹೆಚ್ಚಾಗಿ ಬಿಚ್ಚುವಾಗಲೇ. ಉಬ್ಬಿದ ಕವಚ ಒಳಗಿನ ಉಕ್ಕಿನ ಕೊಳವೆಯನ್ನು ಕಚ್ಚಿ ಹಿಡಿದಿರುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ಒಂದೇ ಸಲ ಎರಡು ಹೋಳು. ಬಲಕ್ಕಿಂತ ಇಲ್ಲಿ ಲೆಕ್ಕ ಕೆಲಸಕ್ಕೆ ಬರುತ್ತದೆ.

ಬಿಸಿಯಾದಾಗ ಲೋಹಗಳು ಹಿಗ್ಗುವ ಪ್ರಮಾಣ ಬೇರೆ ಬೇರೆ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉದ್ದದ ಸತು ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಹಿಗ್ಗುತ್ತದೆ, ಹಿತ್ತಾಳೆ 19, ಉಕ್ಕು 12. ಹಾಗಾದರೆ 50 ಮಿಲಿಮೀಟರ್ ವ್ಯಾಸದ ಸತುವಿನ ಬಳೆ ಉಕ್ಕಿನ ಕೊಳವೆಯ ಮೇಲೆ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಎರಡನ್ನೂ 50 ಡಿಗ್ರಿ ಬಿಸಿ ಮಾಡಿದರೆ ಸತು 0.075 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 0.03. ನಡುವೆ 0.045 ಮಿಲಿಮೀಟರ್ ಸಡಿಲ ಸಿಕ್ಕಿತು. ಓದಲು ಸಣ್ಣ ಸಂಖ್ಯೆ. ಆದರೆ ಕಚ್ಚಿಕೊಂಡ ಜೋಡಣೆಗೆ ಬಹಳ ಸಲ ಇಷ್ಟು ಸಾಕು. ಕೂದಲು ಒಣಗಿಸುವ ಡ್ರೈಯರ್ ಈ ಬಿಸಿಗೆ ಧಾರಾಳ. ಬೆಂಕಿ ತಾಗಿಸಬೇಡಿ.

ಸತು ಒಳಗಿದ್ದು ಹೊರಗೆ ಹಿತ್ತಾಳೆಯ ಬಳೆ ಇದ್ದರೆ ಲೆಕ್ಕ ಉಲ್ಟಾ. ಬಿಸಿ ಮಾಡಿದರೆ ಸತುವೇ ಜಾಸ್ತಿ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಆಗ ತಣಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟು, ಹೊರತೆಗೆದ ಕೂಡಲೇ ಕೈಯಿಂದ ಸಣ್ಣಗೆ ಅಲುಗಾಡಿಸಿ ನೋಡಬೇಕು. ಎಲ್ಲರೂ "ಬಿಸಿ ಮಾಡಿ ಬಿಡಿಸಿ" ಅಂತಲೇ ಹೇಳುತ್ತಾರೆ. ಯಾವ ಲೋಹ ಒಳಗೆ, ಯಾವುದು ಹೊರಗೆ ಅಂತ ನೋಡದೆ ಬಿಸಿ ಮಾಡುವುದು ಅಪಾಯ.

ಇದಕ್ಕೂ ಮೊದಲು ಸಂದಿಗೆ ತೂರುವ ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ನೆ ಇಡಿ. ಸೌಂಡ್‌ಬಾಕ್ಸ್ ಆದರೆ ಎಣ್ಣೆ, ಬಿಸಿ ಏನೇ ಮಾಡುವ ಮೊದಲು ಒಳಗಿನ ಡಯಾಫ್ರಮ್ಮನ್ನು, ಅಂದರೆ ನಡುಗಿ ದನಿ ಹೊರಡಿಸುವ ತೆಳು ಬಿಲ್ಲೆಯನ್ನು, ತೆಗೆದಿಡಬೇಕು. ಹಳೆಯವುಗಳಲ್ಲಿ ಅದು ಅಭ್ರಕದ ಬಿಲ್ಲೆ, ಆರ್ಥೋಫೋನಿಕ್‌ನಂಥವುಗಳಲ್ಲಿ ಅಲೆಅಲೆಯಾಗಿ ಅಚ್ಚೊತ್ತಿದ ತೆಳು ಅಲ್ಯೂಮಿನಿಯಂ ಮಿಶ್ರಲೋಹ. ಕವಚ ಉಬ್ಬಿ ಅದರ ಬಳೆ ಹಿಗ್ಗದೇ ಇದ್ದಾಗ ಮೊದಲು ಪೆಟ್ಟು ಬೀಳುವುದು ಈ ಡಯಾಫ್ರಮ್ಮಿಗೆ ಮತ್ತು ಸೂಜಿ ಹಿಡಿಯುವ ಸಣ್ಣ ಕಂಬಿ ಅಲುಗಾಡುವ ಕೀಲಿಗೆ. ಹಾಡು ಗೊರಗೊರ ಅನ್ನುವುದಕ್ಕೆ ಎಷ್ಟೋ ಸಲ ಕಾರಣ ರೆಕಾರ್ಡ್ ಅಲ್ಲ, ಸೊಟ್ಟಗಾದ ಕವಚ.

ಬಿಡಿಸಿದ ಮೇಲೆ ಏನು ಮಾಡಬೇಕು? ಲೋಹ ಚೆನ್ನಾಗಿದ್ದು, ಬಿದ್ದೋ ಪೆಟ್ಟು ತಿಂದೋ ಒಂದು ಕಿವಿ ಮುರಿದಿದ್ದರೆ, ಎರಡು ಭಾಗದ ಎಪಾಕ್ಸಿ ಅಂಟಿನಿಂದ ಕೂಡಿಸಿ, ಹಿಂಬದಿಗೆ ತೆಳು ಹಿತ್ತಾಳೆ ಪಟ್ಟಿಯ ಆಸರೆ ಕೊಟ್ಟರೆ ಬಾಳಿಕೆ ಬರುತ್ತದೆ. ಕೂದಲೆಳೆಯಂಥ ಬಿರುಕುಗಳಿಗೆ ನೀರಿನಂತೆ ಹರಿಯುವ ಸೂಪರ್ ಗ್ಲೂ ಒಳಗಿಳಿದು ಸ್ವಲ್ಪ ಕಾಲ ಹಿಡಿದಿಡುತ್ತದೆ. ಭಾರ ಹೊರದ ಭಾಗಕ್ಕೆ ಇದು ಸಾಕು. ಬೆಸುಗೆ ಹಾಕುವ ಯೋಚನೆ ಬಿಡಿ. ಕಾಯಿಲೆ ಹಿಡಿದ ಸತು ಬಿಸಿ ತಡೆಯುವುದಿಲ್ಲ, ಕರಗುವ ಮುನ್ನವೇ ಕುಸಿಯುತ್ತದೆ. ಮೇಲಾಗಿ ಮಾಮೂಲಿ ಬೆಸುಗೆ ಕಡ್ಡಿಯಲ್ಲಿರುವುದು ಅದೇ ತವರ, ಸೀಸ. ಯಾವುದರಿಂದ ರೋಗ ಬಂತೋ ಅದನ್ನೇ ಮತ್ತೆ ತುಂಬಿದ ಹಾಗಾಯಿತು, ಅಲ್ವಾ?

ಇನ್ನೊಂದು ಮಾತು. ಪಾಟ್ ಮೆಟಲ್ಲನ್ನು ಒಣಗಿದ್ದ ಹಾಗೇ ಉಜ್ಜಬೇಡಿ. ಅದರ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಉಪ್ಪುಕಾಗದವನ್ನು ಒದ್ದೆ ಮಾಡಿ ಬಳಸಿ, ಮುಖಕ್ಕೆ ಮಾಸ್ಕ್ ಇರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಹೊಸ ಭಾಗ ಮಾಡಿಸುವಾಗ

ಪುಡಿಯಾಗುತ್ತಿರುವ ಭಾಗವನ್ನು ಬದಲಿಸುವುದೇ ಸರಿ. ಮೂಲ ಭಾಗ ಹೋಯಿತಲ್ಲ ಅಂತ ಬೇಸರಪಡುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಹಾಡದ ಮೂಲಕ್ಕಿಂತ ಹಾಡುವ ನಕಲು ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಳೆಯ ತುಂಡನ್ನು ಎಸೆಯಬೇಡಿ. ಚೀಲದಲ್ಲಿ ಹಾಕಿ, ಯಾವ ಯಂತ್ರದ್ದು, ಯಾವ ವರ್ಷ ಬದಲಿಸಿದ್ದು ಅಂತ ಚೀಟಿ ಬರೆದಿಡಿ. ಮುಂದೆ ಆ ಯಂತ್ರ ಯಾರ ಕೈಗೆ ಹೋದರೂ ಯಾವುದು ಹಳೆಯದು, ಯಾವುದು ಹೊಸದು ಅಂತ ಅವರಿಗೆ ತಿಳಿಯಬೇಕು.

ನಕಲು ಮಾಡುವಾಗ ಎರಡು ತೊಡಕು. ಮೊದಲನೆಯದು ಅಳತೆ. ಉಬ್ಬಿದ ಭಾಗವನ್ನೇ ಸಿಲಿಕೋನ್ ಅಚ್ಚಿಗೆ ಒತ್ತಿದರೆ ಹೊಸ ಭಾಗವೂ ಉಬ್ಬಿದ ಅಳತೆಯದ್ದೇ ಆಗುತ್ತದೆ. ಹಿತ್ತಾಳೆ ಎರಕ ತಣಿಯುವಾಗ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ, ಹಾಗಾಗಿ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಉಬ್ಬು ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಬದಿ ಜಾಸ್ತಿ, ಇನ್ನೊಂದು ಬದಿ ಕಡಿಮೆ, ದುಂಡಗಿದ್ದದ್ದು ಮೊಟ್ಟೆಯಾಕಾರ ಆಗಿರುತ್ತದೆ. ಅಳತೆಯನ್ನು ಹಾಳಾದ ಭಾಗದಿಂದ ತೆಗೆಯದೆ, ಅದು ಕೂರುವ ಜಾಗದಿಂದ ತೆಗೆಯಬೇಕು. ಟೋನ್‌ಆರ್ಮಿನ ಉಕ್ಕಿನ ತುದಿ, ಹಿತ್ತಾಳೆ ಬಳೆ, ಡಯಾಫ್ರಮ್ಮಿನ ವ್ಯಾಸ ಇವು ಬದಲಾಗಿರುವುದಿಲ್ಲ. ಇವುಗಳನ್ನು ಕ್ಯಾಲಿಪರಿನಲ್ಲಿ ಅಳೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಎರಡನೆಯದು ತೂಕ. ಸೌಂಡ್‌ಬಾಕ್ಸ್ ವಿಷಯದಲ್ಲಿ ಇದನ್ನು ಬಹಳ ಜನ ಗಮನಿಸುವುದಿಲ್ಲ. ಸತುವಿನ ಎರಕಕ್ಕಿಂತ ಹಿತ್ತಾಳೆ ಕಾಲು ಪಾಲಿನಷ್ಟು ಭಾರ. ಆ ಹೆಚ್ಚಿನ ಭಾರವೆಲ್ಲ ಸೂಜಿಯ ತುದಿಯ ಮೂಲಕ ರೆಕಾರ್ಡಿನ ಮೇಲೆ ಬೀಳುತ್ತದೆ. ರೆಕಾರ್ಡ್ ಬೇಗ ಸವೆಯುತ್ತದೆ. ಅಲ್ಯೂಮಿನಿಯಂನಲ್ಲಿ ಮಾಡಿದರೆ ಸಮಸ್ಯೆ ಉಲ್ಟಾ: ಅದು ಸತುವಿನ ಅರ್ಧ ತೂಕವೂ ಇಲ್ಲ. ಜೋರು ದನಿ ಬಂದಾಗ ಸೂಜಿ ಗೆರೆಯಲ್ಲಿ ಕೂರದೆ ಹಾರಬಹುದು. ಹಿತ್ತಾಳೆಯಲ್ಲಿ ಮಾಡಿಸಿ, ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಸ್ವಲ್ಪ ಕಡೆಸಿ ಹಗುರ ಮಾಡುವುದು ನನಗೆ ಸರಿ ಅನ್ನಿಸುವ ದಾರಿ. ಹಳೆಯ ಭಾಗವನ್ನು ತಕ್ಕಡಿಗೆ ಹಾಕಿ ತೂಕ ಬರೆದಿಟ್ಟುಕೊಂಡಿದ್ದರೆ ಗುರಿ ಎಷ್ಟು ಅಂತ ಗೊತ್ತಿರುತ್ತದೆ.

ಸ್ಪ್ರಿಂಗ್: ಹುಷಾರಾಗಿರಬೇಕಾದ ಜಾಗ

ಇನ್ನು ಮೋಟಾರು. ವಿದ್ಯುತ್ ಇಲ್ಲದ ಈ ಯಂತ್ರಕ್ಕೆ ಶಕ್ತಿ ಕೊಡುವುದು ದುಂಡನೆಯ ಡಬ್ಬಿಯೊಳಗೆ ಸುತ್ತಿಟ್ಟ, ಹಲವು ಮೀಟರ್ ಉದ್ದದ ಉಕ್ಕಿನ ಪಟ್ಟಿ. ಕೀಲಿ ಕೊಟ್ಟಾಗ ನಮ್ಮ ತೋಳಿನ ಬಲವೆಲ್ಲ ಅದರಲ್ಲಿ ಕೂಡಿಕೊಳ್ಳುತ್ತದೆ. ಅದು ಒಂದೇ ಸಲ ಬಿಚ್ಚಿಕೊಂಡರೆ ಬೆರಳು ಕತ್ತರಿಸುವಷ್ಟು ಬಲ.

ಹಾಗಾಗಿ ಒಂದು ನಿಯಮವನ್ನು ಮೀರಲೇಬಾರದು. ಮೋಟಾರಿಗೆ ಸ್ಕ್ರೂಡ್ರೈವರ್ ಹಚ್ಚುವ ಮೊದಲು ಸ್ಪ್ರಿಂಗ್ ಪೂರ್ತಿ ಸಡಿಲವಾಗಿರಬೇಕು. ಬ್ರೇಕ್ ಬಿಟ್ಟು ತಟ್ಟೆ ತಾನಾಗಿ ನಿಲ್ಲುವವರೆಗೂ ಓಡಿಸಿ. ಸ್ಪ್ರಿಂಗ್ ಬಿಗಿಯಾಗಿರುವಾಗ ವೇಗವನ್ನು ಹಿಡಿತದಲ್ಲಿಡುವ ಗವರ್ನರನ್ನು ಮಾತ್ರ ಯಾವತ್ತೂ ಕಳಚಬೇಡಿ. ತಡೆಯೇ ಇಲ್ಲದ ಗೇರುಗಳು ಹುಚ್ಚು ವೇಗದಲ್ಲಿ ತಿರುಗಿ ಹಲ್ಲು ಕಿತ್ತುಕೊಳ್ಳುತ್ತವೆ. ಸಡಿಲವಾದ ಸ್ಪ್ರಿಂಗಿನಲ್ಲೂ ಡಬ್ಬಿಯೊಳಗೆ ಬಲ ಉಳಿದಿರುತ್ತದೆ. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಒಳಸುತ್ತಿನಿಂದ ಒಂದೊಂದೇ ಸುತ್ತು ಹೊರಗೆ ಬಿಡಬೇಕು. ಇನ್ನೊಂದು ಕೈ ಉಳಿದ ಸುತ್ತುಗಳನ್ನು ಅದುಮಿ ಹಿಡಿದಿರಬೇಕು.

ಹಾಡಿನ ನಡುವೆ ಡಬ್ಬಿಯಿಂದ "ಧಡ್" ಅಂತ ಶಬ್ದ ಬರುತ್ತಿದ್ದರೆ ಸ್ಪ್ರಿಂಗ್ ಮುರಿದಿದೆ ಅಂತಲೇ ಅಲ್ಲ. ಹೆಚ್ಚಾಗಿ ಅದು ಗಟ್ಟಿಯಾದ ಗ್ರೀಸು. ಕಪ್ಪು ಗೋಂದಿನಂತಾದ ಹಳೇ ಗ್ರೀಸಿನಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿರುತ್ತವೆ. ಬಿಟ್ಟುಕೊಳ್ಳುವಾಗ ಒಮ್ಮೆಲೇ ಜಾರುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಗ್ರಾಫೈಟ್ ಸೇರಿದ ಹೊಸ ಗ್ರೀಸನ್ನು ತೆಳುವಾಗಿ ಸವರಿದರೆ ಶಬ್ದ ಹೋಗುತ್ತದೆ.

ಸ್ಪ್ರಿಂಗಿನ ಮೇಲೆ ತುಕ್ಕಿನ ಸಣ್ಣ ಗುಳಿ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ಸಲ ಕೀಲಿ ಕೊಟ್ಟಾಗಲೂ ಪಟ್ಟಿ ಬಾಗುತ್ತದೆ, ಬಿರುಕು ಶುರುವಾಗುವುದು ಆ ಗುಳಿಯಿಂದಲೇ. ತುಕ್ಕು ತೆಗೆಯಲು ಆಸಿಡ್ ಬಳಸುವುದು ಇನ್ನೂ ಕೆಟ್ಟದ್ದು. ಆಸಿಡ್ ಉಕ್ಕಿನ ಜೊತೆ ಸೇರಿದಾಗ ಹೊರಡುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ನೋಡಲು ಸ್ವಚ್ಛವಾಗಿರುವ ಸ್ಪ್ರಿಂಗ್ ಕೀಲಿ ಕೊಟ್ಟ ದಿನವೇ ಮುರಿಯಬಹುದು.

ಮುರಿದದ್ದು ಹೊರತುದಿಯ ಹತ್ತಿರ, ಅಂದರೆ ಡಬ್ಬಿಯ ಗೂಟಕ್ಕೆ ಸಿಕ್ಕಿಸುವ ರಂಧ್ರದ ಬಳಿ ಆದರೆ, ಉಳಿಸಿಕೊಳ್ಳಬಹುದು. ಮುರಿದ ತುದಿಯನ್ನು ನೇರ ಕತ್ತರಿಸಿ, ತುದಿಯ ಕೆಲವು ಸೆಂಟಿಮೀಟರನ್ನಷ್ಟೇ ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಡಬೇಕು. ಆಗ ಅಷ್ಟು ಭಾಗ ಮೆತ್ತಗಾಗುತ್ತದೆ, ಹೊಸ ರಂಧ್ರ ಕೊರೆಯಬಹುದು. ಬಿಸಿ ಮುಂದಕ್ಕೆ ಹರಿಯದಂತೆ ಪಟ್ಟಿಯನ್ನು ದಪ್ಪ ಕಬ್ಬಿಣದ ವೈಸಿನಲ್ಲಿ ಕಚ್ಚಿಸಿರಬೇಕು. ನಡುವೆ ಮುರಿದಿದ್ದರೆ ಹೊಸದೇ ಹಾಕಬೇಕು. ಹೊಸದು ತರುವಾಗ ಅಗಲ, ದಪ್ಪ, ಉದ್ದ, ತುದಿಯ ರಂಧ್ರದ ಆಕಾರ ನಾಲ್ಕೂ ಹೊಂದಬೇಕು. ದಪ್ಪ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಪಟ್ಟಿಯ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಶೇಕಡಾ 10ರಷ್ಟು ದಪ್ಪ ಜಾಸ್ತಿಯಾದರೆ ಬಿಗಿ ಶೇಕಡಾ 33ರಷ್ಟು ಜಾಸ್ತಿ. ಅದನ್ನು ತಾಳಬೇಕಾದದ್ದು ನೂರು ವರ್ಷದ ಗೇರುಗಳು.

ಗವರ್ನರ್

ತಟ್ಟೆ ಒಂದೇ ವೇಗದಲ್ಲಿ ತಿರುಗುವಂತೆ ನೋಡಿಕೊಳ್ಳುವುದು ಗವರ್ನರ್. ಒಂದು ಕಡ್ಡಿಯ ಸುತ್ತ ತೆಳು ಪಟ್ಟಿಯ ಸ್ಪ್ರಿಂಗುಗಳು, ಸಾಮಾನ್ಯವಾಗಿ ಮೂರು. ಒಂದೊಂದರ ನಡುವೆ ಒಂದು ಪುಟ್ಟ ತೂಕದ ಗುಂಡು. ಕಡ್ಡಿ ಜೋರಾಗಿ ತಿರುಗಿದಂತೆ ಗುಂಡುಗಳು ಹೊರಕ್ಕೆ ಹಾರುತ್ತವೆ, ಪಟ್ಟಿಗಳು ಬಾಗುತ್ತವೆ, ತುದಿಯ ಬಿಲ್ಲೆ ಒಳಕ್ಕೆ ಸರಿದು ಚರ್ಮದ ಪ್ಯಾಡಿಗೆ ಉಜ್ಜುತ್ತದೆ. ವೇಗ ಇಳಿಯುತ್ತದೆ. ವೇಗ ಇಳಿದರೆ ಉಜ್ಜುವುದು ನಿಲ್ಲುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ನಿಖರವಾಗಿ ಕೆಲಸ ಮಾಡುವುದನ್ನು ನೋಡಿದರೆ ಇವತ್ತಿಗೂ ಖುಷಿಯಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಹಾಳಾಗುವುದು ತೆಳು ಪಟ್ಟಿ. ಸ್ಕ್ರೂ ಹಾಕುವ ರಂಧ್ರದ ಬಳಿ ಬಿರುಕು ಬಿಡುತ್ತದೆ. ಒಂದು ಮುರಿದರೂ ಮೂರನ್ನೂ ಬದಲಿಸಬೇಕು, ಮೂರರ ದಪ್ಪವೂ ಒಂದೇ ಇರಬೇಕು. ಇಲ್ಲದಿದ್ದರೆ ಸಮತೋಲ ತಪ್ಪಿ ಹಾಡು ನಡುಗುತ್ತದೆ. ಪ್ಯಾಡ್ ಒಣಗಿ ಕಲ್ಲಾಗಿದ್ದರೆ ಹೊಸ ಚರ್ಮ ಕತ್ತರಿಸಿ ಹಾಕಿ, ಎರಡು ಹನಿ ಎಣ್ಣೆ ಕುಡಿಸಿ. ಕಡ್ಡಿಯ ಎರಡು ತುದಿ ಕೂರುವ ಕುಳಿಗಳಿಗೂ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು.

ತುಕ್ಕು, ಲೇಪ, ಹಿತ್ತಾಳೆ

ಬೀಡು ಕಬ್ಬಿಣದ ಚೌಕಟ್ಟಿನ ಮೇಲಿನ ತುಕ್ಕಿಗೆ ಗಾಬರಿ ಬೇಡ. ಸೀಮೆಎಣ್ಣೆ, ಬ್ರಷ್, ಸ್ವಲ್ಪ ತಾಳ್ಮೆ ಸಾಕು. ಅಂಗಡಿಯಲ್ಲಿ ಸಿಗುವ, ಆಸಿಡ್ ಇಲ್ಲದ ತುಕ್ಕು ತೆಗೆಯುವ ದ್ರಾವಣವೂ ಉಕ್ಕಿನ ಭಾಗಗಳಿಗೆ ಒಳ್ಳೆಯದು. ಬಣ್ಣದ ಗೆರೆ, ಕಂಪನಿಯ ಗುರುತಿನ ಚೀಟಿ ಇರುವ ಕಡೆ ಮಾತ್ರ ಅದು ತಾಗಬಾರದು.

ನಿಕ್ಕಲ್ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳ ಮೂಲಕ ತೇವ ಇಳಿದು ಅಡಿಯ ಉಕ್ಕು ತುಕ್ಕು ಹಿಡಿದು ಮೇಲೆ ಕಂದು ಚುಕ್ಕೆಗಳಾಗಿ ಕಾಣುತ್ತದೆ. ಚುಕ್ಕೆ ಹೋಗುವವರೆಗೂ ಉಜ್ಜಿದರೆ ಹೋಗುವುದು ನಿಕ್ಕಲ್. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದ ಮೆತ್ತನೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಮೇಣ ಹಚ್ಚಿ ಬಿಟ್ಟುಬಿಡಿ. ಚಿನ್ನದ ಲೇಪಕ್ಕೆ ಪಾಲಿಶ್ ಮುಟ್ಟಿಸಲೇಬೇಡಿ. ಅದು ಎಷ್ಟು ತೆಳು ಅಂದರೆ ಕೆಲವು ಸಲದ ಪಾಲಿಶ್‌ಗೆ ಮಾಯ. ಸೋಪಿನ ನೀರು, ಅಷ್ಟೆ. ಮತ್ತೆ ಲೇಪ ಹಾಕಿಸುವವರು ಮೊದಲು ಹಳೆಯ ಲೇಪವನ್ನು ಕಿತ್ತು, ಲೋಹವನ್ನು ನುಣ್ಣಗೆ ಉಜ್ಜುತ್ತಾರೆ. ಆ ಉಜ್ಜುವಿಕೆಯಲ್ಲಿ ಚೂಪಾದ ಅಂಚುಗಳು, ಕೆತ್ತಿದ ಅಕ್ಷರಗಳು ಮೊಂಡಾಗುತ್ತವೆ. ಅಡಿಯ ಲೋಹ ಕಾಣುವಷ್ಟು ಹಾಳಾಗಿದ್ದರೆ ಮಾತ್ರ ಆ ದಾರಿ.

ಹಿತ್ತಾಳೆ ಹಾರ್ನಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಗಡನ್ನು ತಣ್ಣಗಿದ್ದಾಗಲೇ ಅಚ್ಚಿನ ಮೇಲೆ ಒತ್ತಿ ತಿರುಗಿಸಿ ಹಾರ್ನಿನ ಬಾಯಿ ಮಾಡುತ್ತಿದ್ದರು. ಆ ಒತ್ತಡ ಲೋಹದೊಳಗೆ ಇವತ್ತಿಗೂ ಉಳಿದಿರಬಹುದು. ಹೀಗೆ ಬಿಗಿತ ಉಳಿದ ಹಿತ್ತಾಳೆಗೆ ಅಮೋನಿಯಾ ತಾಗಿದರೆ, ತಾನಾಗಿ ಬಿರುಕು ಬಿಡುತ್ತದೆ. ಮಾರುಕಟ್ಟೆಯ ಎಷ್ಟೋ ಹಿತ್ತಾಳೆ ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ. ಡಬ್ಬಿಯ ಹಿಂದೆ ಓದಿ ನೋಡಿ, ಮೂಗಿಗೆ ಘಾಟು ಹೊಡೆದರೆ ಪಕ್ಕಕ್ಕಿಡಿ. ಹಾರ್ನಿನಲ್ಲಿ ತಗ್ಗು ಬಿದ್ದಿದ್ದರೆ ಸುತ್ತಿಗೆ ಬೇಡ. ಹೊರಗೆ ಮರಳು ತುಂಬಿದ ಚರ್ಮದ ಚೀಲ, ಒಳಗಿನಿಂದ ದುಂಡು ಮರದ ತುದಿ. ತಗ್ಗಿನ ಅಂಚಿನಿಂದ ನಡುವಿಗೆ ನಿಧಾನವಾಗಿ ಒತ್ತುತ್ತಾ ಬರಬೇಕು. ಹೊಡೆದರೆ ತಗಡು ಹಿಗ್ಗುತ್ತದೆ, ಹಿಗ್ಗಿದ ತಗಡು ಹಿಂದಕ್ಕೆ ಬರುವುದಿಲ್ಲ.

ಜೋಡಿಸಿದ ಮೇಲೆ

ಎಲ್ಲ ಸೇರಿಸಿದ ಮೇಲೆ ವೇಗ ನೋಡಿ. ಬಹುತೇಕ ತಟ್ಟೆಗಳಿಗೆ ನಿಮಿಷಕ್ಕೆ 78 ಸುತ್ತು. 1912ರಲ್ಲಿ ಬಂದ ಎಡಿಸನ್ ಡೈಮಂಡ್ ಡಿಸ್ಕ್‌ಗೆ 80, ಎಡಿಸನ್ ಕಂಪನಿಯ 1902ರ ನಂತರದ ಸಿಲಿಂಡರುಗಳಿಗೆ 160. ರೆಕಾರ್ಡಿನ ಅಡಿಯಲ್ಲಿ ಒಂದು ಕಾಗದದ ಚೂರು ಹೊರಗೆ ಕಾಣುವಂತೆ ಸಿಕ್ಕಿಸಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿ. ಬರೀ ತಟ್ಟೆ ತಿರುಗಿಸಿ ಎಣಿಸಬೇಡಿ, ಸೂಜಿ ರೆಕಾರ್ಡಿನ ಮೇಲಿರಬೇಕು. ಸೂಜಿ ಇಟ್ಟ ಕೂಡಲೇ ವೇಗ ಗಣನೀಯವಾಗಿ ಇಳಿದರೆ ಮೋಟಾರಿನಲ್ಲಿ ಎಲ್ಲೋ ಬಿಗಿತ ಉಳಿದಿದೆ. ಹಾಡಿನ ಶುರುವಿನಲ್ಲಿ ಸರಿಯಿದ್ದು ಕೊನೆಗೆ ಇಳಿದರೆ ಸ್ಪ್ರಿಂಗ್ ಸೋತಿದೆ, ಅಥವಾ ಗ್ರೀಸ್ ಇನ್ನೂ ಅಂಟುತ್ತಿದೆ. ದನಿ ಅಲೆಅಲೆಯಾಗಿ ಏರಿ ಇಳಿದರೆ ಗವರ್ನರಿನ ಪಟ್ಟಿಗಳ ಸ್ಕ್ರೂ ಬಿಗಿಯಾಗಿದೆಯಾ, ಬಿಲ್ಲೆ ಸೊಟ್ಟಗಾಗಿದೆಯಾ ಅಂತ ಮೊದಲು ನೋಡಿ. ವೇಗ ಸರಿಯಿದ್ದೂ ದನಿ ಗೊರಗೊರ ಅಂದರೆ ಮೋಟಾರನ್ನು ಬಿಟ್ಟು ಸೌಂಡ್‌ಬಾಕ್ಸಿಗೆ ಬನ್ನಿ. ಸೂಜಿ ಹಿಡಿಯುವ ಕಂಬಿಯ ಕೀಲು ಅಡ್ಡಡ್ಡ ಅಲುಗುತ್ತಿದೆಯಾ, ಡಯಾಫ್ರಮ್ಮಿನ ಅಂಚಿನ ರಬ್ಬರ್ ಗಟ್ಟಿಯಾಗಿದೆಯಾ ಅಂತ ಪರೀಕ್ಷಿಸಿ, ರಬ್ಬರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.